ಮಳೆಗಾಲದ ಹಿತ್ತಲು: ತಂಬುಳಿ ಸೊಪ್ಪು ಮತ್ತು ಚೆನ್ನೆಮಣೆ

ಮಲೆನಾಡು ಮತ್ತು ಕರಾವಳಿಯಲ್ಲಿ ಆಷಾಢದ ಮಳೆ ಹಿಡಿದು, ಗದ್ದೆ ನಾಟಿ ಮುಗಿಯಿತೆಂದರೆ ರೈತ ಕುಟುಂಬಕ್ಕೆ ಒಂದಿಷ್ಟು ಬಿಡುವು ಸಿಗುತ್ತದೆ. ಹೊರಗೆ ಕಾಲಿಡಲಾಗದ ಮಳೆ, ಪೇಟೆಯಲ್ಲಿ ತರಕಾರಿ ದುಬಾರಿ. ಇಂತಹ ದಿನಗಳಲ್ಲಿ ಅಡಿಗೆಮನೆಯನ್ನು ಸಾಗಿಸಿಕೊಂಡು ಬಂದುದು ಹಿತ್ತಲಿನ ಸೊಪ್ಪು. ಒಂದು ಹಿಡಿ ಒಂದೆಲಗ, ನಾಲ್ಕು ದೊಡ್ಡಪತ್ರೆ ಎಲೆ, ಒಂದು ಚೂರು ಶುಂಠಿ, ಮನೆಯ ಮಜ್ಜಿಗೆ ಇದ್ದರೆ ತಂಬುಳಿ ಆಯಿತು. ಊಟವಾದ ಮೇಲೆ ಜಗಲಿಯಲ್ಲಿ ಚೆನ್ನೆಮಣೆ. ಸೊಪ್ಪು ತರಲು ಅಜ್ಜಿಯ ಹಿಂದೆ ಹೋದ ಮಕ್ಕಳು ಯಾವುದು ತಿನ್ನುವ ಎಲೆ, ಯಾವುದು ಮುಟ್ಟಬಾರದ ಎಲೆ ಎಂಬುದನ್ನು ಪಾಠವೆಂದು ತಿಳಿಯದೆಯೇ ಕಲಿತುಬಿಡುತ್ತಿದ್ದರು.

ಈ ಪದ್ಧತಿ ಪೂರ್ಣವಾಗಿ ನಿಂತಿಲ್ಲ. ಆದರೆ ಎರಡು ಬದಲಾವಣೆಗಳಾಗಿವೆ. ಸೊಪ್ಪು ಬೆಳೆಯುವ ನೆಲಕ್ಕೆ ಔಷಧಿ ಸಿಂಪರಣೆ ಬಂದಿದೆ. ಸೊಪ್ಪನ್ನು ಗುರುತಿಸಬಲ್ಲವರು ಮನೆಯಲ್ಲಿ ಕಡಿಮೆಯಾಗಿದ್ದಾರೆ. ಬೇಯಿಸದೆ ತಿನ್ನುವ ಎಲೆಯ ವಿಷಯದಲ್ಲಿ ಇವೆರಡೂ ಅಲಕ್ಷಿಸುವಂತಹವಲ್ಲ.

ತೋಟದ ಒಂದೆಲಗ ಏಕೆ ಬೇಡ

ಒಂದೆಲಗ ತಾನಾಗಿಯೇ ಹಬ್ಬುವುದು ಅಡಿಕೆ ತೋಟದ ನೆರಳಿನಲ್ಲಿ, ಕಪ್ಪು ಅಥವಾ ಬಸಿಗಾಲುವೆಯ ಅಂಚಿನಲ್ಲಿ. ಬಿತ್ತದೆ, ನೀರು ಹಾಕದೆ ಸಿಗುವ ಸೊಪ್ಪಾದುದರಿಂದ ಅದಕ್ಕೆಂದು ಬೇರೆ ಪಾತಿ ಮಾಡುವ ಯೋಚನೆ ಹೆಚ್ಚಿನವರಿಗೆ ಬಂದಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮ ಹಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲಿನ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕ ಇಂದು ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಬಾಯಿಪಾಠ. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ. ಅಂದರೆ ಎರಡನೆಯ ಸಿಂಪರಣೆ ಬೀಳುವುದು ಜುಲೈ ತಿಂಗಳ ಹೊಳವಿನಲ್ಲಿ. ಒಂದೆಲಗ ಎಳೆಯದಾಗಿ, ದಟ್ಟವಾಗಿ ಚಿಗುರಿ, ತಂಬುಳಿಗೆ ಹೆಚ್ಚು ಬೇಡಿಕೆ ಇರುವ ಸಮಯವೂ ಅದೇ.

ಗೊನೆಗೆ ಹೊಡೆದ ದ್ರಾವಣದ ಒಂದು ಪಾಲು ತೊಟ್ಟಿಕ್ಕಿ ಕೆಳಗಿನ ಎಲೆಯ ಮೇಲೆ ಬೀಳುತ್ತದೆ. ಬೋರ್ಡೋ ದ್ರಾವಣದ ಗುಣವೇ ಎಲೆಗೆ, ಕಾಯಿಗೆ ಅಂಟಿಕೊಂಡು ಮಳೆಗೆ ತೊಳೆದುಹೋಗದಿರುವುದು. ಇನ್ನೂ ಚೆನ್ನಾಗಿ ಅಂಟಲೆಂದು ಅಂಟು ಪದಾರ್ಥವನ್ನೂ ಬೆರೆಸಲಾಗುತ್ತದೆ. ಮಳೆಗೇ ತೊಳೆಯದ್ದು ಕೊಡಪಾನದ ನೀರಿಗೆ ಪೂರ್ಣ ತೊಳೆದುಹೋಗುತ್ತದೆಂದು ನಂಬುವಂತಿಲ್ಲ. ನೆಲಕ್ಕೆ ಬಿದ್ದ ತಾಮ್ರವೂ ಕೊಳೆತು ಕರಗಿಹೋಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಇದರ ಜೊತೆಗೆ ಈಚೆಗೆ ತೋಟದಲ್ಲಿಯೂ ಬದುವಿನಲ್ಲಿಯೂ ಕಳೆನಾಶಕ ಬಳಸುವವರು ಹೆಚ್ಚಾಗಿದ್ದಾರೆ. ಸಿಂಪಡಿಸಿದ ಎರಡು ಮೂರು ದಿನ ಸೊಪ್ಪು ಹಸಿರಾಗಿಯೇ ಕಾಣುವುದರಿಂದ ವಿಷಯ ತಿಳಿಯದವರು ಅದನ್ನೇ ಕೊಯ್ದು ತರುವ ಅಪಾಯವಿದೆ. ಸಿಂಪಡಿಸುವವರು ಗಂಡಸರು, ಕೊಯ್ಯುವವರು ಹೆಂಗಸರು. ಇವರು ಸಿಂಪಡಿಸಿದ್ದು ಅವರಿಗೆ ತಿಳಿಯುವುದು ಎಷ್ಟೋ ಮನೆಗಳಲ್ಲಿ ಸಂಜೆಯ ಮಾತಿನಲ್ಲಿ.

ಇನ್ನೊಂದು ತೊಡಕು ನೀರಿನದು. ಕೊಟ್ಟಿಗೆ ಅಥವಾ ಶೌಚಾಲಯದ ನೀರು ಸೇರುವ ಕಾಲುವೆಯ ಅಂಚಿನ ಎಲೆಯಲ್ಲಿ ಜಂತುಹುಳುಗಳ ಮೊಟ್ಟೆಗಳಿರಬಹುದು. ಬೇಯಿಸಿದರೆ ಅವು ಸಾಯುತ್ತವೆ; ತಂಬುಳಿಯಲ್ಲಿ ಬೇಯಿಸುವ ಮಾತೇ ಇಲ್ಲ.

ಆದುದರಿಂದ ಹಸಿಯಾಗಿ ತಿನ್ನುವ ಸೊಪ್ಪಿಗೆ ಮನೆಯ ಹತ್ತಿರ, ತೋಟದಿಂದ ಹೊರಗೆ, ಬೇರೆಯೇ ಒಂದು ಪಾತಿ ಇರುವುದು ಯೋಗ್ಯ.

ಪಾತಿ ಮಾಡುವ ಕ್ರಮ

ಒಂದು ಸಂಸಾರಕ್ಕೆ 1 ಮೀಟರು ಅಗಲ, 3 ಮೀಟರು ಉದ್ದದ ಪಾತಿ ಧಾರಾಳವಾಗಿ ಸಾಕು. ಜಾಗ ಬಾವಿಕಟ್ಟೆಯ ಪಕ್ಕದಲ್ಲಿ ಅಥವಾ ಅಡಿಗೆಮನೆಯ ಬಾಗಿಲಿಗೆ ಕಾಣುವಲ್ಲಿ ಇರಲಿ. ಕೋಳಿ, ನಾಯಿ ಬಾರದಂತೆ ಬಿದಿರಿನ ಬೇಲಿ ಹಾಕಬೇಕು. ಮಣ್ಣನ್ನು ಒಂದು ಗೇಣು ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮೂರು ಬುಟ್ಟಿ ಸೇರಿಸಿ, ನೆಲಮಟ್ಟದಿಂದ ಸುಮಾರು 15 ಸೆಂ.ಮೀ. ಎತ್ತರಿಸಬೇಕು. ಹಸಿ ಸಗಣಿ, ಸಗಣಿ ಬಗ್ಗಡ ಈ ಪಾತಿಗೆ ಬೇಡ. ಕಾರಣ ಮೇಲೆ ಹೇಳಿದ್ದೇ. ಬಚ್ಚಲ ನೀರನ್ನು ಇಲ್ಲಿಗೆ ತಿರುಗಿಸುವುದೂ ಸರಿಯಲ್ಲ. ಬಚ್ಚಲ ನೀರಿಗೆ ತಕ್ಕ ಗಿಡಗಳು ಬಾಳೆ ಮತ್ತು ಕೆಸು. ಕೆಸುವನ್ನು ಹೇಗೂ ಚೆನ್ನಾಗಿ ಬೇಯಿಸದೆ ತಿನ್ನುವಂತಿಲ್ಲ.

ಒಂದೆಲಗ: ಎರಡು ಮೂರು ಗಿಣ್ಣು ಇರುವ, ಬೇರು ಬಿಟ್ಟ ಬಳ್ಳಿಯ ತುಂಡುಗಳನ್ನು ಒಂದು ಗೇಣು ಅಂತರದಲ್ಲಿ ನೆಟ್ಟರೆ ಸಾಕು. ಮಳೆಗಾಲದ ಆರಂಭದಲ್ಲಿ ನೆಟ್ಟದ್ದು ಸುಮಾರು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅರೆನೆರಳು ಇದಕ್ಕೆ ಇಷ್ಟ. ಪೂರ್ಣ ಬಿಸಿಲಿನಲ್ಲಿ ಎಲೆ ಚಿಕ್ಕದಾಗಿ ಒರಟಾಗುತ್ತದೆ, ತೀರ ಕತ್ತಲಲ್ಲಿ ತೊಟ್ಟು ಮಾತ್ರ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಪಾತಿ ಒಣಗದಂತೆ ನೀರು ಕೊಟ್ಟರೆ ವರ್ಷಪೂರ್ತಿ ಕೊಯ್ಯಬಹುದು. ಎಲೆಯನ್ನು ತೊಟ್ಟು ಸಮೇತ ಚಿವುಟಬೇಕೇ ಹೊರತು ಬಳ್ಳಿ ಕಿತ್ತೆಳೆಯಬಾರದು.

ದೊಡ್ಡಪತ್ರೆ: ಇದು ಸಾಂಬಾರಬಳ್ಳಿಯೆಂದೂ ಪ್ರಸಿದ್ಧ. ಬೆರಳುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಕಡ್ಡಿಯ ಕೆಳಗಿನ ಎಲೆ ತೆಗೆದು ನೆಟ್ಟರೆ ಬೇರು ಬರುತ್ತದೆ. ರಸ ತುಂಬಿದ ಕಾಂಡವಾದುದರಿಂದ ಇದರ ಶತ್ರು ನಿಂತ ನೀರು. ಒಂದೆಲಗದ ಪಾತಿಯಲ್ಲಿ ಇದನ್ನು ನೆಟ್ಟು, ಶ್ರಾವಣದ ಹೊತ್ತಿಗೆ ಕೊಳೆತುಹೋಯಿತೆಂದು ದೂರುವವರು ಬಹಳ. ಒಡೆದ ಮಡಕೆ ಅಥವಾ ಹಳೆಯ ಡಬ್ಬಿಯ ತಳಕ್ಕೆ ತೂತು ಮಾಡಿ, ಮರಳು ಬೆರೆತ ಮಣ್ಣು ತುಂಬಿ, ಮಳೆ ನೇರ ಬೀಳದ ಸೂರಿನಡಿ ಇಟ್ಟರೆ ಗಿಡ ಉಳಿಯುತ್ತದೆ.

ಮಜ್ಜಿಗೆ ಹುಲ್ಲಿನ ಒಂದು ತೆಂಡೆಯನ್ನು ಪಾತಿಯ ಮೂಲೆಯಲ್ಲಿ ನೆಟ್ಟರೆ ಕಷಾಯಕ್ಕೆ ಸಾಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಬಿಡಿಸಿ ಬೇರೆಡೆ ನೆಡಬೇಕು. ಪುದೀನವನ್ನು ಪ್ರತ್ಯೇಕ ಕುಂಡದಲ್ಲಿಡುವುದು ಒಳ್ಳೆಯದು, ಪಾತಿಗೆ ಬಿಟ್ಟರೆ ಉಳಿದವುಗಳನ್ನು ನುಂಗುತ್ತದೆ. ಕೊತ್ತಂಬರಿ ಮಾತ್ರ ಮಲೆನಾಡಿನ ಜಡಿಮಳೆಗೆ ಒಗ್ಗುವುದಿಲ್ಲ. ಮಳೆ ಕಳೆದ ಮೇಲೆ, ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಸುಮಾರು 40 ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ.

ಕರಿಬೇವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದರ ಬೀಜವನ್ನು ಇತರ ಬೀಜಗಳಂತೆ ಒಣಗಿಸಿ ಕೂಡಿಟ್ಟರೆ ಮೊಳೆಯುವುದಿಲ್ಲ. ಕಪ್ಪಗೆ ಹಣ್ಣಾದುದನ್ನು ಕೊಯ್ದು, ತಿರುಳು ತೊಳೆದು, ಅಂದೋ ಮರುದಿನವೋ ಬಿತ್ತಬೇಕು. ದೊಡ್ಡ ಗಿಡದ ಬೇರಿನಿಂದೆದ್ದ ಮರಿಗಳನ್ನೂ ಕಿತ್ತು ನೆಡಬಹುದು. ನಿಂಬೆ, ಕಿತ್ತಳೆ ಬೆಳೆಯುವವರು ಮಾತ್ರ ಕರಿಬೇವನ್ನು ಆ ತೋಟದೊಳಗೆ ನೆಡಬಾರದು. ನಿಂಬೆ ಜಾತಿಯ ಗಿಡಗಳಿಗೆ ಹಸಿರು ರೋಗ ಹರಡುವ ಜಿಗಿಹೇನು ಕರಿಬೇವಿನ ಚಿಗುರಿನ ಮೇಲೂ ಸಂತಾನ ಬೆಳೆಸುತ್ತದೆ. ಕೊಡಗಿನ ಕಿತ್ತಳೆ ಬೆಳೆಗಾರರೂ ವಿಜಯಪುರ ಜಿಲ್ಲೆಯ ನಿಂಬೆ ಬೆಳೆಗಾರರೂ ಇದನ್ನು ಗಮನದಲ್ಲಿಡುವುದು ಒಳಿತು. ಹಿತ್ತಲ ಗಿಡದ ಎಲೆಯನ್ನು ಹಸಿರು ಹುಳು ತಿನ್ನುತ್ತಿದ್ದರೆ ಅದು ಚಿಟ್ಟೆಯ ಮರಿ. ಕೈಯಿಂದ ಆರಿಸಿ ತೆಗೆದರೆ ಸಾಕು; ಒಗ್ಗರಣೆಗೆ ದಿನವೂ ಕೊಯ್ಯುವ ಗಿಡಕ್ಕೆ ಕೀಟನಾಶಕ ಹೊಡೆಯುವುದು ತನ್ನ ತಟ್ಟೆಗೇ ಹೊಡೆದಂತೆ.

ಗುರುತು ತಪ್ಪದಿರಲಿ

ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು. ಅಂಚು ಸಣ್ಣ ಸಣ್ಣ ಅಲೆಯಂತೆ ಕಚ್ಚು ಕಚ್ಚಾಗಿರುತ್ತದೆ. ತೊಟ್ಟು ಸೇರುವ ಕಡೆ ಆಳವಾದ ಸೀಳು, ಅಲ್ಲಿಂದ ನರಗಳು ಬೆರಳು ಬಿಡಿಸಿದಂತೆ ಹರಡುತ್ತವೆ. ಗಿಣ್ಣು ಗಿಣ್ಣಿಗೂ ಬೇರು. ಮುರಿದರೆ ಹಾಲು ಬರುವುದಿಲ್ಲ. ಇದು ಕೊತ್ತಂಬರಿಯ ಕುಟುಂಬಕ್ಕೇ ಸೇರಿದ್ದು. ಎಲೆ ಉಜ್ಜಿ ಮೂಸಿದವರಿಗೆ ಆ ನೆಂಟಸ್ತನ ತಿಳಿಯುತ್ತದೆ. ಇಲಿಕಿವಿ ಸೊಪ್ಪಿನ ಎಲೆಯೂ ಹೆಚ್ಚು ಕಡಿಮೆ ಇದೇ ಆಕಾರದಲ್ಲಿ ನೆಲಕ್ಕೆ ಹಬ್ಬುತ್ತದೆ, ಆದರೆ ಅದರ ಹೂವು ಗಂಟೆಯಾಕಾರದ ಹಳದಿ ಹೂವು. ಒಂದೆಲಗದ ಹೂವಾದರೋ ಎಲೆಯ ಕೆಳಗೆ ಅಡಗಿರುವ ನಸುಗೆಂಪಿನ ಸಣ್ಣ ಗೊಂಚಲು.

ಹೆಸರಿನ ಗೊಂದಲವೂ ಇದೆ. ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳು ನಡೆಯುತ್ತವೆ. ಒಂದು ಒಂದೆಲಗ, ಇನ್ನೊಂದು ನೀರುಬ್ರಾಹ್ಮಿ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಜೋಡಿ ಜೋಡಿಯಾಗಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ರುಚಿ ಬಹಳ ಕಹಿ. ಗ್ರಂಥಗಳಲ್ಲಿ, ಅಂಗಡಿಗಳಲ್ಲಿ ಬ್ರಾಹ್ಮಿಯೆಂದರೆ ಯಾವುದೆಂದು ವಿಚಾರಿಸಿಯೇ ಮುಂದುವರಿಯಬೇಕು. ತುಳುವಿನಲ್ಲಿ ಒಂದೆಲಗಕ್ಕೆ ತಿಮರೆ ಎನ್ನುತ್ತಾರೆ. ಅಲ್ಲಿ ಈ ಗೊಂದಲ ಕಡಿಮೆ.

ಗುರುತು ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರುವ ಸಂದರ್ಭವೂ ಉಂಟು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದು ರೂಢಿ. ಬೆಳಗಾಗುವ ಮುನ್ನ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಕತ್ತಲೆಯಲ್ಲಿ, ಮಳೆಯಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದರೆ ಅದು ಔಷಧವಲ್ಲ, ಘೋರ ವಿಷ. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದರಿಂದ ಏಳರವರೆಗೆ ಚಕ್ರದಂತೆ ಜೋಡಿಸಿರುತ್ತವೆ, ಕೆತ್ತಿದಲ್ಲಿ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಎರಡೆರಡೇ, ಬುಡದಿಂದಲೇ ಎದ್ದ ಮೂರರಿಂದ ಐದು ನರಗಳು ಸ್ಪಷ್ಟ, ಹಾಲು ಇಲ್ಲ. ಆದರೆ ಹಾಲು ಬರುವ ಮರಗಳು ಬೇರೆಯೂ ಉಂಟು, ಅದೊಂದನ್ನೇ ನೆಚ್ಚಬಾರದು. ಹಿಂದಿನ ದಿನ ಹಗಲಿನಲ್ಲಿ ಬಲ್ಲವರೊಡನೆ ಹೋಗಿ ಮರಕ್ಕೆ ನೂಲು ಕಟ್ಟಿ ಬಂದರೆ ರೂಢಿಯೂ ಉಳಿಯುತ್ತದೆ, ಮನೆಯವರೂ ಕ್ಷೇಮ. ಬಲ್ಲವರು ಯಾರೂ ಸಿಗದಿದ್ದರೆ ಆ ವರ್ಷ ಕಷಾಯ ಬಿಡುವುದೇ ಸರಿ.

ಕೊಡಗಿನಲ್ಲಿ ಕಕ್ಕಡ ತಿಂಗಳ 18ನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪನ್ನು ಕುದಿಸಿ ಬಣ್ಣ ತೆಗೆದು ಪಾಯಸ ಮಾಡುತ್ತಾರೆ. ಅಲ್ಲಿ ಗುರುತು ಸುಲಭ. ನೀರು ಗಾಢ ನೇರಳೆಗೆ ತಿರುಗುತ್ತದೆ. ಪಾಯಸ ಉಂಡ ಬಳಿಕ ಮೂತ್ರ ಕೆಂಪಾದರೆ ಹೊಸಬರು ಗಾಬರಿಪಡಬೇಕಾಗಿಲ್ಲ.

ತಂಬುಳಿ, ಪತ್ರೊಡೆ

ಒಂದೆಲಗದ ತಂಬುಳಿಗೆ ಒಂದು ಹಿಡಿ ಎಲೆಯನ್ನು ಬಿಡಿಸಿ, ಮೂರು ನಾಲ್ಕು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು. ಎರಡು ಮೂರು ಚಮಚ ತೆಂಗಿನ ತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಮೆಣಸಿನ ಕಾಳು ಸೇರಿಸಿ ನುಣ್ಣಗೆ ಅರೆದು, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡುವುದು. ಒಲೆಯ ಮೇಲಿಡಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ, ಸೊಪ್ಪಿನ ಹಸಿ ಪರಿಮಳವೂ ಹೋಗುತ್ತದೆ. ಬಿಸಿ ಅನ್ನಕ್ಕೆ ಮೊದಲ ತುತ್ತಿಗೆ ಇದು ಸಲ್ಲುತ್ತದೆ.

ದೊಡ್ಡಪತ್ರೆಗೆ ಕಟುವಾದ ವಾಸನೆ. ಓಮದಲ್ಲಿರುವ ಥೈಮಾಲ್ ಎಂಬ ಸತ್ವವೂ ಅದರ ಜಾತಿಯ ಕಾರ್ವಕ್ರಾಲ್ ಎಂಬುದೂ ಇದರ ಎಣ್ಣೆಯಲ್ಲಿವೆ. ಆದುದರಿಂದ ಇದನ್ನು ಹಸಿಯಾಗಿ ಅರೆಯದೆ, ತುಪ್ಪದಲ್ಲಿ ಬಾಡಿಸಿ ಅರೆಯುವುದು ರೂಢಿ. ದಪ್ಪ ಎಲೆಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದರೆ ತಂಬುಳಿ ಒಲ್ಲೆನೆಂಬ ಮಕ್ಕಳೂ ತಿನ್ನುತ್ತಾರೆ.

ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿವೆ. ಗಂಟಲು ತುರಿಸುವುದು ಇವುಗಳಿಂದ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದಕ್ಕೆ ಕಾರಣ ಇದೇ. ಮಳೆಗಾಲದಲ್ಲಿ ಮರಗಳ ಮೇಲೆ ಬೆಳೆಯುವ ಮರಕೆಸುವಿನ ಪತ್ರೊಡೆಗೆ ಮಲೆನಾಡಿನವರು ಹೆಚ್ಚು ಮರ್ಯಾದೆ ಕೊಡುತ್ತಾರೆ. ಸಿಂಪರಣೆಯಾದ ತೋಟದ ಮರದಿಂದ ಕೊಯ್ದದ್ದಾಗಿರಬಾರದು, ಅಷ್ಟೆ.

ಒಂದೆಲಗದಿಂದ ನೆನಪಿನ ಶಕ್ತಿ ಹೆಚ್ಚುತ್ತದೆಂಬುದು ಬಹುಕಾಲದ ನಂಬಿಕೆ. ಪರೀಕ್ಷೆಗೆ ಓದುವ ಮಗುವಿಗೆ ಲೋಟಗಟ್ಟಲೆ ರಸ ಕುಡಿಸುವಷ್ಟು ಆಧಾರ ಅದಕ್ಕಿಲ್ಲ. ಊಟದ ಪ್ರಮಾಣ ಬೇರೆ, ಮದ್ದಿನ ಪ್ರಮಾಣ ಬೇರೆ. ಗರ್ಭಿಣಿಯರೂ ಪಿತ್ತಕೋಶದ, ಯಕೃತ್ತಿನ ತೊಂದರೆಯುಳ್ಳವರೂ ಮದ್ದಾಗಿ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು. ಕೆಮ್ಮಿಗೆಂದು ದೊಡ್ಡಪತ್ರೆ ರಸವನ್ನು ಜೇನಿನಲ್ಲಿ ಕೊಡುವವರು ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದೆಂಬುದನ್ನು ಮರೆಯಬಾರದು.

ಜಗಲಿಯ ಚೆನ್ನೆಮಣೆ

ಸೊಪ್ಪಿನ ಜೊತೆಗೆ ಬರುವ ಇನ್ನೊಂದು ಮಳೆಗಾಲದ ಸಂಗಾತಿ ಚೆನ್ನೆಮಣೆ. ಹಳೆ ಮೈಸೂರು ಕಡೆ ಇದೇ ಅಳಗುಳಿಮಣೆ. ಹಲಸಿನಂತಹ ಗಟ್ಟಿ ಮರದ ಹಲಗೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಯಿ ಹಾಕಿ ಆಟ ಆರಂಭಿಸುವುದು ಹೆಚ್ಚು ಬಳಕೆಯ ಕ್ರಮ. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದುದು ಆಡಿದವರ ಪಾಲು. ಊರಿಂದೂರಿಗೆ ನಿಯಮ ಬೇರೆಯಾಗುತ್ತದೆ. ಮದುವೆಯಾಗಿ ಬಂದ ಸೊಸೆ ತವರಿನ ಲೆಕ್ಕ ಹೇಳಿದಾಗ ಏಳುವ ಚರ್ಚೆಯೇ ಅರ್ಧ ಆಟ. ಗುಳಿಯೊಳಗಿನ ಕಾಯಿಯನ್ನು ಎಣಿಸದೆ ಕಣ್ಣಳತೆಯಲ್ಲೇ ಅಂದಾಜು ಮಾಡುವುದು ಬಂದರೆ ಮಾತ್ರ ಗೆಲುವು.

ತುಳುನಾಡಿನಲ್ಲಿ ಈ ಮಣೆ ಅಟ್ಟದಿಂದ ಇಳಿಯುವುದು ಆಟಿ ತಿಂಗಳಲ್ಲಿ. ಸಿರಿ ಪಾಡ್ದನದ ಅವಳಿ ಸಹೋದರಿಯರಾದ ಅಬ್ಬಗ ದಾರಗರ ದುರಂತ ಚೆನ್ನೆಯಾಟದ ಜಗಳದಿಂದಲೇ ಉಂಟಾಯಿತೆಂಬ ಕಥೆಯಿರುವುದರಿಂದ ಅಕ್ಕತಂಗಿಯರು ಎದುರುಬದುರು ಕೂರಬಾರದೆಂದು ಹಿರಿಯರು ಹೇಳುವುದುಂಟು.

ಆಟದ ಕಾಯಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕರಾವಳಿಯಲ್ಲಿ ಬಳಸುವುದು ಮಂಜೊಟ್ಟಿ ಬೀಜ. ಪೂರ್ತಿ ಕೆಂಪು, ಚಪ್ಪಟೆ, ಹೊಳಪು. ಇದಕ್ಕೆ ಬದಲಾಗಿ ಗುಲಗಂಜಿ ಹಾಕಬಾರದು. ಗುಲಗಂಜಿ ಗುಂಡಗೆ, ಚಿಕ್ಕದು, ಒಂದು ತುದಿಯಲ್ಲಿ ಕಪ್ಪು ಬೊಟ್ಟು; ಜಗಿದು ನುಂಗಿದರೆ ಪ್ರಾಣಾಪಾಯ. ಮಂಜೊಟ್ಟಿಯನ್ನೂ ತಿನ್ನುವಂತಿಲ್ಲ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಮಣೆಯನ್ನು ಎತ್ತಿಡುವುದೇ ಕ್ಷೇಮ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಹುಣಸೆ ಬೀಜದಿಂದ ಆಟ ಸೊಗಸಾಗಿಯೇ ನಡೆಯುತ್ತದೆ.

ಬಯಲುಸೀಮೆಯಲ್ಲಿ ಬಿಡುವಿನ ಕಾಲವೂ ಬೇರೆ, ಕೈಗೆಲಸವೂ ಬೇರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸುಗ್ಗಿ ಕಳೆದ ಬೇಸಿಗೆಯಲ್ಲಿ ಹಳೆ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುತ್ತಾರೆ. ರೊಟ್ಟಿಗೆ ಹಸಿ ಮೆಂತ್ಯ ಸೊಪ್ಪು ತಿನ್ನುತ್ತಾರೆ. ಹಸಿಯಾಗಿ ತಿನ್ನುವ ಮೆಂತ್ಯವನ್ನೂ ಹೊಲದ ಸಾಲಿನಿಂದ ತರದೆ ಹಿತ್ತಲ ಮಡಿಯಲ್ಲಿ ಬೆಳೆಯಬೇಕೆಂಬ ಮಾತು ಅಲ್ಲಿಯೂ ಸಲ್ಲುತ್ತದೆ.

ಗ್ರಾಮಸೇವಕಿಯರು, ಮಹಿಳಾ ಮಂಡಲಗಳು ಮಳೆಗಾಲದ ಮಧ್ಯಾಹ್ನಗಳನ್ನು ಈ ಕೆಲಸಕ್ಕೆ ಬಳಸಿಕೊಳ್ಳಬಹುದು. ಹಿತ್ತಲಿನಿಂದ ತಂದ ಹತ್ತು ಬಗೆಯ ಎಲೆಗಳನ್ನು ಹರಡಿ, ಮಕ್ಕಳಿಗೆ ಕಣ್ಣು ಕಟ್ಟಿ, ಉಜ್ಜಿ ಮೂಸಿ ಹೆಸರು ಹೇಳಿಸುವುದು ಚೆನ್ನೆಮಣೆಯಷ್ಟೇ ಮೋಜಿನ ಆಟ. ನೆಕ್ಕಿ ನೋಡುವುದಕ್ಕೆ ಮಾತ್ರ ಅವಕಾಶ ಕೊಡಬಾರದು. ವಿಷದ ಎಲೆಗಳನ್ನು ದೂರದಿಂದಲೇ ತೋರಿಸಬೇಕು. ಎಲೆಯ ಹೆಸರನ್ನು ಊರಿನ ಮಾತಿನಲ್ಲೂ ಪಕ್ಕದೂರಿನ ಮಾತಿನಲ್ಲೂ ಬರೆದಿಟ್ಟುಕೊಂಡರೆ ಸಂತೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ನೆಡಲು ಒಂದೆಲಗದ ಬಳ್ಳಿ ಕೇಳಿದರೆ ಯಾವ ಮನೆಯವರೂ ಇಲ್ಲವೆನ್ನುವುದಿಲ್ಲ. ಬೇಲಿಯಾಚೆಯಿಂದ ತರುವಾಗ ಅದು ಯಾವ ನೆಲದ್ದೆಂದು ಕೇಳಿ ತಿಳಿಯಬೇಕು. ಸಿಂಪರಣೆಯಾದ ತೋಟದ್ದಾದರೆ ಹಳೆಯ ಎಲೆಗಳನ್ನೆಲ್ಲ ಚಿವುಟಿ ಎಸೆದು, ಬೇರಿನ ಮಣ್ಣು ತೊಳೆದು ನೆಟ್ಟು, ಹೊಸ ನೆಲದಲ್ಲಿ ಹೊಸದಾಗಿ ಹಬ್ಬಿದ ಬಳ್ಳಿಯ ಎಲೆಯನ್ನು ಮಾತ್ರ ಅಡಿಗೆಗೆ ಕೊಯ್ಯಬೇಕು.